ಮೂರು ನಕ್ಷತ್ರಗಳ ನಂತರದ ಪುಟ

ಉಗಾರ ಖುರ್ದ
೨೨ ಜೂನ್ ೨೦೨೫

ಪ್ರಿಯ ಸಾರಿಕಾ,

ಒಂದು ಮಾತನ್ನು ಬರೆಯದೇ ಬಿಡುವುದರಲ್ಲಿದ್ದೆ. ನೀನು ಕಳಿಸುವ ಕಾದಂಬರಿಗಳಲ್ಲಿ ‘ಆ ಪುಟಗಳು’ ಎಂದು ನೀನು ಕರೆಯುತ್ತೀಯಲ್ಲ, ಅವನ್ನು ನಾನು ಓದುವುದಿಲ್ಲ. ಹಾರಿಸುತ್ತೇನೆ. ನೀನು ಪ್ರತಿ ಪತ್ರದಲ್ಲೂ ಅವುಗಳ ಬಗ್ಗೆಯೇ ಬರೆದೆ, ನಾನೂ ಓದಿದವಳ ಹಾಗೆ ಉತ್ತರ ಕೊಡುತ್ತ ಬಂದೆ.

ನಾಚಿಕೆಯಿಂದ ಹೀಗೆ ಮಾಡುತ್ತೇನೆ ಎಂದು ಮೊದಲು ತಿಳಿದಿದ್ದೆ. ಹಾಗಿದ್ದರೆ ಓದುವವರೆಗೂ ಇರುವ ಆಸೆ ಓದುವಾಗ ಹೋಗಬೇಕಿತ್ತು. ನನಗೆ ಆಸೆಯೇ ಬರುವುದಿಲ್ಲ. ನಮ್ಮ ಸಕ್ಕರೆ ಕಾರ್ಖಾನೆಯ ಪಾಳಿಯ ಭೋಂಗಾ ಹೊಡೆಯುವ ಹಾಗೆ, ಅದು ಯಾವಾಗ ಏಳುತ್ತದೆ, ಎಷ್ಟು ಹೊತ್ತು ಕೂಗುತ್ತದೆ, ಯಾವಾಗ ಇಳಿಯುತ್ತದೆ ಎಂದು ಮೊದಲೇ ಗೊತ್ತಿರುತ್ತದೆ. ಈ ಸಲದ ಹಡಗಿನ ಕ್ಯಾಪ್ಟನ್ನನ ಅಂಗಿಯ ಗುಂಡಿಗಳು ಎಷ್ಟು ಸಲ ಕಿತ್ತು ಬಿದ್ದವು ನೋಡು. ಅವನ್ನು ಮತ್ತೆ ಹಚ್ಚುವವರು ಯಾರು? ಮರುದಿನ ಅವನು ಮತ್ತೆ ಪೂರ್ತಿ ಗುಂಡಿಗಳ ಅಂಗಿ ಹಾಕಿಕೊಂಡೇ ಬರುತ್ತಾನೆ. ಬರೆದವಳಿಗೆ ಮನೆಯಲ್ಲಿ ಸೂಜಿ ದಾರದ ಕೆಲಸ ಯಾರೋ ಬೇರೆಯವರು ಮಾಡುತ್ತಿರಬೇಕು.

ನಾನು ಹುಡುಕುವುದು ಅದರ ಮುಂದಿನ ಪುಟವನ್ನು. ಎಲ್ಲ ಮುಗಿದ ಮೇಲೆ ಇಬ್ಬರೂ ಏನು ಮಾತಾಡಿದರು? ಯಾರು ಎದ್ದು ನೀರು ತಂದರು? ದೀಪ ಯಾರು ಆರಿಸಿದರು? ಅದು ಯಾವ ಪುಸ್ತಕದಲ್ಲೂ ಇಲ್ಲ. ಅಲ್ಲಿ ಮೂರು ನಕ್ಷತ್ರ ಹಾಕಿರುತ್ತಾರೆ. ನಕ್ಷತ್ರದ ಕೆಳಗೆ ಬೆಳಗಾಗಿರುತ್ತದೆ. ನನಗೆ ಬೇಕಾದದ್ದು ಆ ನಕ್ಷತ್ರಗಳ ಒಳಗೆ ಇದೆ ಎಂದು ನನ್ನ ಅನುಮಾನ. ಇಲ್ಲ, ಅನುಮಾನವೂ ಅಲ್ಲ. ಸುಮ್ಮನೆ ಹೇಳಿದೆ.

ಮನೆಯಲ್ಲಿ ಎಂದಿನಂತೆ. ಪುಸ್ತಕಕ್ಕೆ ಬಸದಿಯ ಕ್ಯಾಲೆಂಡರಿನ ಹಾಳೆ ಹೊದಿಸಿದ್ದೇನೆ, ಕ್ಯಾಪ್ಟನ್ನನ ಬರಿಯೆದೆಯ ಮೇಲೆ ಪೂರ್ತಿ ವೈಶಾಖ ಮಾಸ ಇದೆ. ಅತ್ತೆಯವರು ಬಂದವರಿಗೆಲ್ಲ “ನಮ್ಮ ಸೊಸಿ ಹೊತ್ತ ಸಿಕ್ಕ ಕೂಡ್ಲೆ ಇಂಗ್ಲಿಷ್ ಪುಸ್ತಕ ಓದತಾಳ್ರಿ” ಎಂದು ಹೇಳಿಕೊಳ್ಳುತ್ತಾರೆ. ಇವರು ಕೇಳುವುದೂ ಇಲ್ಲ, ಬೇಡವೆನ್ನುವುದೂ ಇಲ್ಲ. ಮಗಳು ಸಾಂಗ್ಲಿಯ ಹಾಸ್ಟೆಲಿನಲ್ಲಿ ಆರಾಮವಾಗಿದ್ದಾಳೆ. ಫೋನಿನಲ್ಲಿ ಮಾತಾಡೋಣವೆಂದರೆ ನನ್ನ ಫೋನು ಬೆಳಗಿನಿಂದ ಅತ್ತೆಯವರ ಪ್ರವಚನಕ್ಕೆ ಹೋಗುತ್ತದೆ. ಹೀಗೆ ಪುಸ್ತಕದೊಳಗೆ ಪತ್ರ ಇಡುವುದೇ ಒಳ್ಳೆಯದು. ಬೆಳಗಾವಿಯ ಹಾಸ್ಟೆಲಿನಲ್ಲಿ ಕನ್ನಡ ಮಾತಾಡಿದ್ದಕ್ಕೆ ನಾವಿಬ್ಬರೂ ಎಷ್ಟು ದಂಡ ಕಟ್ಟಿದೆವು, ಈಗ ಇಂಗ್ಲಿಷ್ ಪುಸ್ತಕದ ಬಗ್ಗೆ ಕನ್ನಡದಲ್ಲಿ ಬರೆದು ಸೇಡು ತೀರಿಸಿಕೊಳ್ಳುತ್ತಿದ್ದೇವೆ.

ಒಂದು ಸಲ ನಿಪ್ಪಾಣಿಗೆ ಬರಲೇ?

ನಿನ್ನ
ತ್ರಿಶಲಾ


ನಿಪ್ಪಾಣಿ
೩ ಜುಲೈ ೨೦೨೫

ತ್ರಿಶೀ,

ಕಳ್ಳಿ! ನಾನು ಆ ಪುಟಗಳಿಗೆ ಕಷ್ಟಪಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು ಕಳಿಸುತ್ತೇನೆ, ನೀನು ಗೆರೆ ಇದ್ದಲ್ಲೆಲ್ಲ ಹಾರುತ್ತೀಯ. ಕೊಲ್ಹಾಪುರದ ಹಳೇ ಪುಸ್ತಕದವನು ಇವನ್ನು ಕಿಲೋ ಲೆಕ್ಕದಲ್ಲಿ ಕೊಡುತ್ತಾನೆ. ಆ ಪುಟಗಳನ್ನು ತೆಗೆದರೆ ತೂಕದಲ್ಲಿ ಏನು ಉಳಿಯುತ್ತದೆ ಹೇಳು.

ನನ್ನ ಅಭಿಪ್ರಾಯ ಬೇರೆ. ಒಂಬತ್ತನೇ ಇಯತ್ತೆಯ ಮಕ್ಕಳಿಗೆ ದಿನವಿಡೀ ಇಂಗ್ಲಿಷ್ ವ್ಯಾಕರಣ ಕಲಿಸಿ ಮನೆಗೆ ಬಂದವಳಿಗೆ, ಯಾರಾದರೂ ಯಾರನ್ನಾದರೂ ಅಷ್ಟು ಬೇಕು ಬೇಕು ಎನ್ನುವುದನ್ನು ಓದಿದರೆ ಸಾಕು, ಸುಳ್ಳಾದರೂ ಇರಲಿ. ಸುಳ್ಳು ಬರೆಯಲಿಕ್ಕೂ ಶ್ರಮ ಬೇಕು. ಈ ಕ್ಯಾಪ್ಟನ್ನನ ಪುಸ್ತಕದಲ್ಲಿ ನನ್ನ ತಕರಾರು ಒಂದೇ, ಆ ಹುಡುಗಿ ಎಂದೂ ನಗುವುದಿಲ್ಲ. ಅಂಥ ಹೊತ್ತಿನಲ್ಲಿ ನಗು ಬರದೇ ಇರುತ್ತದೆಯೇ?

ನನ್ನ ಗಂಡರಾಯ ಉತ್ತಮನ ತಕರಾರು ಬೇರೆ. “ಅಂವ ಹಡಗ ಯಾವಾಗ ನಡಸ್ತಾನ? ನಾ ಬಸ್ ಹಿಂಗ ನಡುದಾರ್ಯಾಗ ಬಿಟ್ಟ ಹ್ವಾದ್ರ ಡೆಪೋ ಮ್ಯಾನೇಜರ್ ಸುಮ್ನ ಬಿಡ್ತಿದ್ನ?” ಅಂದ. ಅದಾದ ಮೇಲೆ ಹಡಗಿನ ಪುಟ ಬಂದಾಗಲೆಲ್ಲ ನಮಗೆ ನಗು.

ಹೊಸದು ಕಳಿಸಿದ್ದೇನೆ. ದ್ವೀಪದ ಆಸ್ಪತ್ರೆಯ ಡಾಕ್ಟರ್, ಗಂಡ ಸತ್ತ ನರ್ಸು. ಅರ್ಧ ಓದಿಯಾಗಿತ್ತು, ಅಷ್ಟರಲ್ಲಿ ನಿನಗೆ ಇದು ಹಿಡಿಸಬಹುದು ಎನಿಸಿತು, ಅದಕ್ಕೆ ಅರ್ಧಕ್ಕೇ ಬಿಟ್ಟು ಕಳಿಸುತ್ತಿದ್ದೇನೆ. ಬೇಗ ಓದಿ ವಾಪಸ್ ಕಳಿಸು, ಇಲ್ಲಿ ಕಾಯುವವರಿದ್ದಾರೆ.

ಬರುವುದೇನೋ ಸರಿ, ಆದರೆ ಈಗ ಬೇಡ. ಮನೆಗೆ ಸುಣ್ಣ ಹೊಡೆಸುತ್ತಿದ್ದೇವೆ, ಕಾಲಿಡಲು ಜಾಗ ಇಲ್ಲ.

ಸಾರಿಕಾ


ನಿಪ್ಪಾಣಿ
೧೪ ಸೆಪ್ಟೆಂಬರ್ ೨೦೨೫

ತ್ರಿಶಲಾ,

ಪುಸ್ತಕವೂ ಇಲ್ಲ, ಪತ್ರವೂ ಇಲ್ಲ. ನಿನ್ನೆ ಫೋನ್ ಮಾಡಿದೆ. ನಿಮ್ಮ ಅತ್ತೆಯವರು ಎತ್ತಿದರು. “ಆಕಿ ಚಾತುರ್ಮಾಸದಾಗ ನೇಮ ತಗೊಂಡಾಳವಾ, ದೊಡ್ಡ ನೇಮ. ಈಗ ಅಂಥಾ ಮಾತ ಯಾವೂ ಬ್ಯಾಡ ಆಕೀಗಿ” ಅಂದರು. ಅಂಥಾ ಮಾತು ಎಂದರೆ ಯಾವುದು ಎಂದು ಕೇಳಲಿಲ್ಲ.

ನಿಮ್ಮಲ್ಲಿ ಒಬ್ಬರು ಬಟಾಟಿ ಬಿಡುತ್ತಾರೆ, ಒಬ್ಬರು ಉಳ್ಳಾಗಡ್ಡಿ ಬಿಡುತ್ತಾರೆ. ನೀನು ಬಿಟ್ಟದ್ದರಲ್ಲಿ ನಾನೂ ಇದ್ದೇನೆಯೇ? ಇದ್ದರೆ ಹೇಳು, ಬೇಜಾರಿಲ್ಲ. ಕೆಲವರ ಮನೆಯಲ್ಲಿ ನಮ್ಮ ಜಾತಿಯವರನ್ನು ಬಿಡಲು ಚಾತುರ್ಮಾಸ ಬೇಕಾಗುವುದಿಲ್ಲ, ನೀನು ಅಂಥವಳಲ್ಲ ಎಂದು ತಿಳಿದಿದ್ದೆ.

ಪುಸ್ತಕವನ್ನಾದರೂ ಕಳಿಸು. ಡಾಕ್ಟರ್ ಮುಂದೇನು ಮಾಡಿದ ಎಂದು ಉತ್ತಮ ದಿನಾ ಕೇಳುತ್ತಾನೆ.

ಸಾರಿಕಾ


ಉಗಾರ ಖುರ್ದ
೨೬ ಅಕ್ಟೋಬರ್ ೨೦೨೫

ಪ್ರಿಯ ಸಾರಿಕಾ,

ದೀಪಾವಳಿಗೆ ಚಾತುರ್ಮಾಸ ಮುಗಿಯಿತು. ನಿನ್ನ ಪತ್ರವನ್ನು ಅಂದೇ ಒಡೆದೆ. ಪುಸ್ತಕದ ಜೊತೆ ಅದನ್ನೂ ಬಿಟ್ಟಿದ್ದೆ, ಯಾಕೆಂದರೆ ನಿನ್ನ ಪತ್ರವೂ ಆ ಪುಸ್ತಕಗಳದ್ದೇ ಭಾಗ. ಅದು ನಿನಗೆ ಹೇಗೆ ಕಾಣಬಹುದು ಎಂದು ಯೋಚಿಸಲಿಲ್ಲ. ಯೋಚಿಸಬೇಕಿತ್ತು.

ನಾನು ಬಿಟ್ಟದ್ದು ಕಾದಂಬರಿ, ಅಷ್ಟೇ. ಯಾಕೆ ಬಿಟ್ಟೆ ಎಂದರೆ, ಬಿಟ್ಟರೆ ಏನಾದರೂ ಅನಿಸುತ್ತದೆಯೇ ನೋಡೋಣ ಎಂದು. ಬಸದಿಯಲ್ಲಿ ನೇಮ ಕೊಡುವ ಸನ್ಯಾಸಿನಿ ಮಾತಾಜಿಯವರ ಮುಂದೆ ಸಾಲು ಇತ್ತು. ಅತ್ತೆಯವರು ನನ್ನ ಮುಂದೆ, ಇವರು ನನ್ನ ಹಿಂದೆ. “ಏನ ಬಿಡ್ತೀಯವಾ?” ಎಂದು ಮಾತಾಜಿ ಕೇಳಿದರು. ಅಷ್ಟು ಜನರ ನಡುವೆ ಏನೆಂದು ಹೇಳಲಿ? “ಮನಸ್ಸಿನ್ಯಾಗ ಒಂದ ಐತ್ರಿ, ಅದನ್ನ ಬಿಡ್ತೇನ್ರಿ” ಅಂದೆ. ಅವರು ನನ್ನನ್ನು ನೋಡಿದರು, ಹಿಂದೆ ನಿಂತ ಇವರನ್ನು ನೋಡಿದರು. “ಹಂಗಾರ ಬಾಳ ದೊಡ್ಡದ ಬಿಟ್ಟಿ” ಅಂದರು, ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿದರು. ಹೊರಗೆ ಬರುವಷ್ಟರಲ್ಲಿ ಅತ್ತೆಯವರ ಕಣ್ಣು ತುಂಬಿತ್ತು.

ನಮ್ಮಲ್ಲಿ ಈ ವಯಸ್ಸಿನ ಗಂಡಹೆಂಡಿರು ಹೆಸರು ಹೇಳದೆ ಏನನ್ನಾದರೂ ಬಿಟ್ಟರೆ, ಬ್ರಹ್ಮಚರ್ಯ ಹಿಡಿದರು ಎಂದೇ ಅರ್ಥ. ಇದು ನನಗೆ ಹೊಳೆದದ್ದು ಸಂಜೆ, ಇವರು ಗಾದಿ ಸುತ್ತುವಾಗ. “ದಿಂಬ ಎರಡೂ ಒಯ್ಲ್ಯಾ, ಒಂದ ಬಿಡ್ಲ್ಯಾ?” ಎಂದು ಕೇಳಿದರು. “ಒಂದ ಬಿಡ್ರಿ” ಅಂದೆ. ಪಡಸಾಲೆಯ ಕಾಟಿನ ಮೇಲೆ ಹಾಸಿಕೊಂಡರು.

ಹಾಗಲ್ಲ ಎಂದು ಆಗಲೇ ಹೇಳಬಹುದಿತ್ತು. ಹೋಗಬೇಡಿ ಎನ್ನಬೇಕಾದರೆ ಇರಬೇಕೆಂಬ ಆಸೆ ಇದೆ ಎಂದಾಗುತ್ತದೆ. ಅದನ್ನು ಹೇಳುವ ಮಾತು ನನ್ನ ಹತ್ತಿರ ಇಂಗ್ಲಿಷಿನಲ್ಲಿ ಮಾತ್ರ ಇದೆ, ಅದೂ ಬೇರೆಯವರ ಬಾಯಲ್ಲಿ. ಆಸೆ ಇತ್ತೇ? ಈಗಲೂ ಗೊತ್ತಿಲ್ಲ. ಅವತ್ತು ನಿದ್ದೆ ಚೆನ್ನಾಗಿಯೇ ಬಂತು.

ಈಗ ಕಬ್ಬು ನುರಿಸುವ ಹಂಗಾಮು. ಇವರು ಪಾಳಿಯಿಂದ ಯಾವಾಗಲೋ ಬರುತ್ತಾರೆ, ಯಾವಾಗಲೋ ಹೋಗುತ್ತಾರೆ. “ನಿನ್ನ ನಿದ್ದಿ ಕೆಡತೈತಿ” ಎಂದು ಪಡಸಾಲೆಯಲ್ಲೇ ಉಳಿದಿದ್ದಾರೆ. ನಿಯಮ ಮುಗಿದದ್ದು ಇಬ್ಬರಿಗೂ ಗೊತ್ತು. ಯಾರೂ ಆ ಮಾತು ಎತ್ತಿಲ್ಲ.

ಇದು ಇಲ್ಲಿಗೆ ನಿಲ್ಲುತ್ತಿಲ್ಲ. ಫೆಬ್ರುವರಿಯಲ್ಲಿ ಐನಾಪುರದ ಹತ್ತಿರ ಪಂಚಕಲ್ಯಾಣ ಪೂಜೆ ಇದೆ. ಅದರಲ್ಲಿ ಭಗವಂತನ ತಂದೆತಾಯಿಯಾಗಿ ಕೂಡುವ ದಂಪತಿ ಜೀವನಪೂರ್ತಿ ಬ್ರಹ್ಮಚರ್ಯ ತೆಗೆದುಕೊಳ್ಳಬೇಕು, ಸಾವಿರಾರು ಜನರ ಮುಂದೆ. ಅತ್ತೆಯವರು ನಮ್ಮ ಹೆಸರು ಕೊಟ್ಟು ಬಂದಿದ್ದಾರೆ. “ಹೆಸರಽ ತ್ರಿಶಲಾ ಐತಿ, ಮಹಾವೀರನ ತಾಯಿ. ಮತ್ತ್ಯಾರ ಕೂಡಬೇಕ?” ಎಂದು ಬಸದಿಯಲ್ಲಿ ಹೆಂಗಸರೂ ಹೇಳುತ್ತಿದ್ದಾರಂತೆ. ಡಿಸೆಂಬರ್ ಏಳಕ್ಕೆ ಕಮಿಟಿಯವರು ನಮ್ಮಿಬ್ಬರ ಬಾಯಿಂದಲೇ ಕೇಳಲು ಬರುತ್ತಾರೆ. ಹೂಂ ಅಂದರೆ ಮುಗಿಯಿತು. ಆಮೇಲೆ ಹಿಂದಕ್ಕೆ ಬರುವ ದಾರಿ ಇಲ್ಲ. ಇವರು ಏನೂ ಹೇಳುತ್ತಿಲ್ಲ. ನಾನೂ.

ನಿನ್ನ ಡಾಕ್ಟರನ್ನು ಈಗ ಓದುತ್ತಿದ್ದೇನೆ, ಹಾರಿಸದೆ. ಆ ಪುಟಗಳಲ್ಲಿ ಮೊದಲ ಸಲ ಒಂದು ನಿಜವಾದ ಸಾಲು ಸಿಕ್ಕಿತು. ಅವನು ಮುಟ್ಟುವ ಮೊದಲು ಕೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಾನೆ. ಡಾಕ್ಟರುಗಳ ಅಭ್ಯಾಸವಿರಬೇಕು. ಉಳಿದದ್ದು ಭೋಂಗಾ.

ಒಂದು ಹೇಳಲೇ? ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು. ಇಂಥ ಪುಸ್ತಕ ಓದಿ ಗಂಡನ ಜೊತೆ ಕುಳಿತು ನಗುವವಳು ನನಗೆ ಗೊತ್ತಿದ್ದವರಲ್ಲಿ ನೀನೊಬ್ಬಳೇ. ನಿನಗೆ ಈ ಪತ್ರ ಅರ್ಥವಾಗುವುದು ಕಷ್ಟ.

ತ್ರಿಶಲಾ


ನಿಪ್ಪಾಣಿ
೧೨ ನವೆಂಬರ್ ೨೦೨೫

ತ್ರಿಶೀ,

ನಿನ್ನನ್ನು ತಪ್ಪು ತಿಳಿದೆ. ಸೆಪ್ಟೆಂಬರಿನ ಆ ಪತ್ರ ಹರಿದು ಹಾಕು.

ಈಗ ನನ್ನದು. ಉತ್ತಮ ಬಸ್ ಓಡಿಸುವುದು ಬಿಟ್ಟು ಎರಡು ವರ್ಷವಾಯಿತು. ಅವನಿಗೆ ಲಕ್ವಾ ಹೊಡೆದಿದೆ. ಬಲಗಡೆ ಪೂರ್ತಿ ಹೋಗಿದೆ. ಮಾತು ತುಸು ಬರುತ್ತದೆ, ಅರ್ಧಕ್ಕೆ ನಿಲ್ಲುತ್ತದೆ. ನಮ್ಮ ಮನೆಗೆ ಯಾವ ಸುಣ್ಣವೂ ನಡೆದಿರಲಿಲ್ಲ, ನೀನು ಬರುತ್ತೇನೆ ಎಂದಾಗಲೆಲ್ಲ ನಾನು ಹೊಡೆಸಿದ್ದು.

ಶಾಲೆಯಿಂದ ಬಂದು ಅವನ ಮೈ ಒರೆಸಿ, ಗಂಜಿ ಕುಡಿಸುವಾಗ ಓದುತ್ತೇನೆ. ಇಂಗ್ಲಿಷನ್ನು ನಮ್ಮ ಭಾಷೆಗೆ ತಿರುಗಿಸುತ್ತ ಜೋರಾಗಿ ಓದುತ್ತೇನೆ. ಮೊದಲು ಪೇಪರ್ ಓದುತ್ತಿದ್ದೆ, ಮುಖ ತಿರುಗಿಸುತ್ತಿದ್ದ. ಒಂದು ದಿನ ಚೇಷ್ಟೆಗೆ ಇದನ್ನು ಓದಿದೆ, ಬಾಯಿ ತೆರೆದ. ಎರಡು ಚಮಚ ಹೆಚ್ಚು ಹೋಯಿತು. ಅಂದಿನಿಂದ ಇದೇ ನಡೆದಿದೆ. ಆ ಪುಟಗಳ ಬಗ್ಗೆ ನನ್ನ ಅಭಿಪ್ರಾಯ ಬೇರೆ ಎಂದು ಬರೆದಿದ್ದೆನಲ್ಲ. ಗಂಜಿ ಇಳಿಯುತ್ತದೆ, ಇದೇ ನನ್ನ ಅಭಿಪ್ರಾಯ.

ಅವನ ಮಾತು ಎಂದು ನಾನು ಬರೆದದ್ದರಲ್ಲಿ ಅರ್ಧ ಅವನದು. “ಹಡಗ... ಯಾವಾಗ...” ಅಂದಿದ್ದ. ಡೆಪೋ ಮ್ಯಾನೇಜರನ್ನು ನಾನು ಸೇರಿಸಿದೆ. ಅವನು ಹಾಗೇ ಅನ್ನುತ್ತಿದ್ದ, ಅದು ಮಾತ್ರ ಖರೆ. ನಿನಗೆ ಯಾಕೆ ಹೇಳಲಿಲ್ಲ ಎಂದರೆ, ಇಲ್ಲಿ ಎಲ್ಲರಿಗೂ ಗೊತ್ತಿತ್ತು. ನಿನಗೆ ಬರೆದ ಪತ್ರಗಳಲ್ಲಿ ಮಾತ್ರ ಅವನು ಇನ್ನೂ ಬಸ್ ಓಡಿಸುತ್ತಿದ್ದ.

ನೀನು ಹುಡುಕುವ ಪುಟ, ನೀರು ಯಾರು ತಂದರು, ದೀಪ ಯಾರು ಆರಿಸಿದರು ಎಂಬ ಪುಟ, ನನ್ನ ಮನೆಯಲ್ಲಿ ಈಗ ಅದೊಂದೇ ಪುಟ ಇದೆ. ಚೆಂದ ಇದೆಯೇ ಎಂದು ಕೇಳಬೇಡ. ಕೆಲವು ದಿನ ಕೈಯಷ್ಟೇ ಕೆಲಸ ಮಾಡುತ್ತದೆ, ನಾನು ಅಲ್ಲಿ ಇರುವುದೇ ಇಲ್ಲ.

ಆದರೆ ನಿನ್ನದು ಬೇರೆ, ತ್ರಿಶೀ. ನಿನ್ನ ಗಂಡ ಪಡಸಾಲೆಯಿಂದ ಎದ್ದು ಬರಬಲ್ಲ. ಇರುವುದನ್ನು ಬಿಡುವುದಾದರೆ ಬಿಡು, ಅದು ನಿನ್ನ ಧರ್ಮ, ನಾನು ಮಾತಾಡುವುದಿಲ್ಲ. ಇದೆಯೋ ಇಲ್ಲವೋ ಎಂದು ನೋಡದೆ ಹೂಂ ಅನ್ನಬೇಡ. ನೀನು ಏನು ಬಿಟ್ಟೆ ಎಂದು ಅವರಿಗೆ ಒಮ್ಮೆ ಹೇಳು. ಕೇಳಿ ನಕ್ಕರೆ ನಗಲಿ.

ಸುಣ್ಣ ಮುಗಿಯಿತು. ಯಾವಾಗ ಬೇಕಾದರೂ ಬಾ. ಆ ದ್ವೀಪದ ಡಾಕ್ಟರನನ್ನೂ ಕರೆದುಕೊಂಡು ಬಾ.

ಸಾರಿಕಾ


ಉಗಾರ ಖುರ್ದ
೮ ಡಿಸೆಂಬರ್ ೨೦೨೫

ಪ್ರಿಯ ಸಾರಿಕಾ,

ನಿನ್ನ ಪತ್ರವನ್ನು ಓದಿದೆ. ಅಳು ಬರಬೇಕಿತ್ತು, ಬರಲಿಲ್ಲ. ಅದಕ್ಕಾಗಿ ಕ್ಷಮೆ ಕೇಳಬೇಕೇ ಎಂದು ಯೋಚಿಸಿದೆ. ಉತ್ತಮ ಭಾವನವರು ನಮ್ಮ ಮದುವೆಗೆ ಡೆಪೋದಿಂದ ಬಸ್ ಹಿಡಿಸಿಕೊಟ್ಟು, ತಾವೇ ಓಡಿಸಿಕೊಂಡು ಬಂದಿದ್ದರು. ನನಗೆ ನೆನಪಾದದ್ದು ಅದು.

ಶನಿವಾರ ಹೇಳಿದೆ. ಇವರು ಪಾಳಿಗೆ ಹೊರಟಿದ್ದರು, ಅಂಗಿಯ ಎದೆಯ ಗುಂಡಿ ಜೋತು ಬಿದ್ದಿತ್ತು. ಬಿಚ್ಚುವಷ್ಟು ಹೊತ್ತಿರಲಿಲ್ಲ, ಮೈಮೇಲೇ ಹಚ್ಚಿದೆ. ಮೈಮೇಲಿನ ಬಟ್ಟೆ ಹೊಲಿಯುವಾಗ ಬಾಯಲ್ಲಿ ದಾರ ಕಚ್ಚಿಕೊಳ್ಳಬೇಕು ಎಂದು ಅತ್ತೆಯವರು ಹೇಳುತ್ತಾರೆ. ಇವರು ಒಂದು ತುಂಡು ದಾರ ಹಲ್ಲಿನಲ್ಲಿ ಹಿಡಿದು ನಿಂತರು. ಇವರ ಬಾಯಿ ಮುಚ್ಚಿದ್ದರಿಂದ ನನ್ನದು ತೆರೆಯಿತು ಎನಿಸುತ್ತದೆ.

“ಆ ದಿನ ಬಸದ್ಯಾಗ ನಾ ಬಿಟ್ಟಿದ್ದ ಪುಸ್ತಕ್ರಿ” ಅಂದೆ. “ಇಂಗ್ಲಿಷ್ ಪುಸ್ತಕ. ಅವು ಒಳ್ಳೇವಲ್ಲ.”

ಗುಂಡಿ ಮುಗಿಯುವವರೆಗೂ ನಿಂತರು. ದಾರ ತೆಗೆದು ಕಿಸೆಗೆ ಹಾಕಿಕೊಂಡರು.

“ನಾ ತಿಳದಿದ್ದೆ ನನ್ನ ಬಿಟ್ಟಿ ಅಂತ.”

“ಬ್ಯಾಸರಾತ?”

“ಮೊದಲ ಮೊದಲ ಆರಾಮ ಅನಸ್ತು. ಗೊರಕಿ ಹೊಡದ್ರೂ ಬೈಯಾವ್ರಿಲ್ಲ. ಆ ಮ್ಯಾಲ ಏನೂ ಅನಸಲಿಲ್ಲ.”

“ನನಗೂ” ಅಂದೆ.

ಇಷ್ಟು ಖರೆ ಮಾತನ್ನು ನಾವಿಬ್ಬರೂ ಎಂದೂ ಆಡಿರಲಿಲ್ಲ. ಭೋಂಗಾ ಹೊಡೆಯಿತು, ಹೋದರು.

ನಿನ್ನೆ ಕಮಿಟಿಯವರು ಬಂದರು, ಆಬಾಸಾಹೇಬ ಕಾಕಾ ಮತ್ತು ಇನ್ನಿಬ್ಬರು. ಅತ್ತೆಯವರು ಹೊಸ ಸೀರೆ ಉಟ್ಟಿದ್ದರು. ನಾನು ಚಹಾದ ತಾಟು ಹಿಡಿದು ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದೆ. ಮೊದಲು ನನ್ನನ್ನೇ ಕೇಳುತ್ತಾರೆ ಎಂದು ತಿಳಿದು, ಇಲ್ಲ ಎನ್ನುವುದನ್ನು ಹೇಗೆ ಹೇಳುವುದು ಎಂದು ಮನಸ್ಸಿನಲ್ಲಿ ಇಂಗ್ಲಿಷಿನಲ್ಲಿ ಜೋಡಿಸುತ್ತಿದ್ದೆ.

“ನನ್ನಿಂದ ಆಗೂದಿಲ್ರಿ ಕಾಕಾ” ಅಂದರು ಇವರು.

“ಏನ ಆಗೂದಿಲ್ಲೋ?”

“ಆ ನೇಮ. ಜೀವ ಇರೂತನಕ. ಆಗೂದಿಲ್ರಿ.”

“ನಾಕ ತಿಂಗಳ ಪಾಸ್ ಆಗೀದಿ. ಫೈನಲ್ ಪರೀಕ್ಷಾಕ್ಕ ಹೆದರತೀಯೇನ ನೇಮಿನಾಥ?”

ಪಕ್ಕದಲ್ಲಿದ್ದವರು ನಕ್ಕರು. “ಐವತ್ತ ದಾಟೇತಿ, ಇನ್ನೂ ಜೋರ ಐತಲ್ಲಪಾ ನಿಂದ!”

ಇವರ ಕಿವಿ ಕೆಂಪಾಯಿತು. ನೆಲ ನೋಡುತ್ತ ಕುಳಿತರು, ಮಾತು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅತ್ತೆಯವರು “ಆಕೀದೇನ ತಕರಾರ ಇಲ್ಲ, ಆಕಿನಽ ಮೊದಲ ತಗೊಂಡಾಕಿ” ಎಂದು ನನ್ನ ಕಡೆ ತಿರುಗುವಷ್ಟರಲ್ಲಿ, “ಆಕೀದಲ್ಲಬೇ ಅವ್ವಾ, ನಂದ” ಅಂದರು.

ಇಷ್ಟು ವರ್ಷ ಇಷ್ಟು ಪುಸ್ತಕ ಓದಿದ್ದೇನೆ, ಸಾರಿಕಾ. ಕುದುರೆಯ ಮೇಲೆ ಬಂದವರು, ಹಡಗಿನಿಂದ ಹಾರಿದವರು, ಎಲ್ಲರೂ ತಮ್ಮ ಆಸೆಯನ್ನು ಎದೆಯುಬ್ಬಿಸಿ ಹೇಳುತ್ತಾರೆ. ಊರ ಹಿರಿಯರ ಮುಂದೆ, ತಾಯಿಯ ಮುಂದೆ, ನಗಿಸಿಕೊಳ್ಳುತ್ತ, ಇರುವುದೋ ಇಲ್ಲವೋ ಎಂದು ತನಗೇ ಗೊತ್ತಿಲ್ಲದ ಆಸೆಯನ್ನು ತನ್ನದು ಎಂದು ಒಪ್ಪಿಕೊಂಡವನನ್ನು ಯಾರೂ ಬರೆದಿಲ್ಲ. ನನ್ನ ಮಾತನ್ನೂ ಸೇರಿಸಿ ತಾವೇ ಹೊತ್ತುಕೊಂಡರು. ನಾನು ಹೋಗಿ ಎಲ್ಲರಿಗೂ ಚಹಾ ಕೊಟ್ಟೆ. ಜೋಮು ಹಿಡಿದ ಕಾಲು ನೆಲಕ್ಕೆ ಊರಿದಾಗ, ಇದು ನನ್ನದೇ ಕಾಲು ಹೌದೋ ಅಲ್ಲವೋ ಎನಿಸುತ್ತದಲ್ಲ, ಅಷ್ಟೇ ಅನಿಸಿತು.

ಅತ್ತೆಯವರು ನಿನ್ನೆಯಿಂದ ನಮ್ಮಿಬ್ಬರ ಜೊತೆಗೂ ಮಾತು ಬಿಟ್ಟಿದ್ದಾರೆ. ನನ್ನ ಫೋನನ್ನೂ ವಾಪಸ್ ಕೊಟ್ಟಿದ್ದಾರೆ. ಅವರಿಗೆ ಆದ ನೋವು ಸಣ್ಣದಲ್ಲ. ನಾನು ಅಂದೇ ಬಾಯಿಬಿಟ್ಟಿದ್ದರೆ ಅವರು ಬಸದಿಯಲ್ಲಿ ತಲೆ ತಗ್ಗಿಸಬೇಕಾಗಿರಲಿಲ್ಲ. ಅದನ್ನು ಇನ್ನೂ ನಾನೇ ನೋಡಿಕೊಳ್ಳಬೇಕು.

ಇವತ್ತು ಮುಂಜಾನೆ ಇವರು ಪಾಳಿ ಮುಗಿಸಿ ಬಂದು ಪಡಸಾಲೆಯಲ್ಲಿ ಕುಳಿತು ಕೇಳಿದರು, “ಏನಿರತೈತಿ ಆ ಪುಸ್ತಕದಾಗ?” ನಿನ್ನ ಹಾಗೆ ನಾನೂ ನಮ್ಮ ಭಾಷೆಗೆ ತಿರುಗಿಸಿ ಹೇಳಲು ಹೋದೆ. ನಿನಗೆ ಹೇಗೆ ಬರುತ್ತದೋ, ನನಗೆ ಬರಲಿಲ್ಲ. ಡಾಕ್ಟರ್, ನರ್ಸು, ಮಳೆ, ದೋಣಿ ಇಲ್ಲ, ಒಂದೇ ಖೋಲಿ. ಕೈ ಬೆಚ್ಚಗೆ ಮಾಡಿಕೊಂಡ ಎನ್ನುವಲ್ಲಿಗೆ ನಿಂತುಬಿಟ್ಟೆ.

“ಆ ಮ್ಯಾಲ?”

“ಆ ಮ್ಯಾಲ ಮುಂಜಾನಿ ಆಗತೈತಿ.”

“ನಡುವ ಏನಾತು?”

“ಬರದಿಲ್ರಿ. ಮೂರ ಚುಕ್ಕಿ ಹಾಕ್ಯಾರ.”

“ಇದಕ ರೊಕ್ಕಾ ಕೊಟ್ಟ ತರತಾಳೇನ ಆ ಸಾರಿಕಾ?” ಎಂದು ಎದ್ದು ಸ್ನಾನಕ್ಕೆ ಹೋದರು.

ಮಧ್ಯಾಹ್ನ ಹಾಸಿಗೆ ಕೊಡವಲು ಹೋದೆ. ನನ್ನ ದಿಂಬಿನ ಪಕ್ಕ ಇನ್ನೊಂದು ದಿಂಬು ಇತ್ತು. ಯಾವಾಗ ತಂದಿಟ್ಟರೋ. ಗಾದಿ ಇನ್ನೂ ಪಡಸಾಲೆಯಲ್ಲೇ ಇದೆ. ಕೊಡವಿ, ಎರಡೂ ದಿಂಬುಗಳನ್ನು ಇದ್ದಲ್ಲೇ ಇಟ್ಟೆ.

ಡಾಕ್ಟರನನ್ನು ಇದರ ಜೊತೆ ಕಳಿಸುತ್ತಿದ್ದೇನೆ, ಉತ್ತಮ ಭಾವನವರು ಇನ್ನು ಕಾಯುವುದು ಬೇಡ. ಮುಂದಿನ ವಾರ ನಾನೇ ಬರುತ್ತೇನೆ, ಮೈ ಒರೆಸುವುದಿದ್ದರೆ ಒರೆಸುತ್ತೇನೆ, ಗಂಜಿ ಕುಡಿಸುವುದಿದ್ದರೆ ಕುಡಿಸುತ್ತೇನೆ, ಓದುವುದು ಮಾತ್ರ ನಿನ್ನ ಕೆಲಸ.

ಬುಧವಾರ ಇವರ ಪಾಳಿ ಬದಲಾಗುತ್ತದೆ, ಸಂಜೆಗೇ ಮನೆಗೆ ಬರುತ್ತಾರೆ. ಈ ಪತ್ರವನ್ನು ಅದರ ಮರುದಿನ ಹಾಕುತ್ತೇನೆ. ಏನಾಯಿತು ಎಂದು ಕೆಳಗೆ ಬರೆದಿರುವುದಿಲ್ಲ, ಹುಡುಕಬೇಡ.

ತ್ರಿಶಲಾ

ಟಪಾಲಿಗೆ: ಗುರುವಾರ, ೧೧ ಡಿಸೆಂಬರ್ ೨೦೨೫